ಋತುಬಂಧದ ದಿನಗಳಿಗೆ ಒಂದು ಗಟ್ಟಿ ಊಟ: ಕ್ವಿನೋವಾ, ಕಡಲೆ, ತೋಫು ಬಟ್ಟಲು

ಮುಟ್ಟು ನಿಲ್ಲುವ ವಯಸ್ಸು ಬಂತು ಅಂದರೆ ಸಾಕು, ಊಟದಲ್ಲಿ ಏನೇನು ಬಿಡಬೇಕು ಅನ್ನುವ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಸಿಹಿ ಬಿಡಿ, ಎಣ್ಣೆ ಬಿಡಿ, ರಾತ್ರಿ ಊಟವನ್ನೇ ಬಿಟ್ಟುಬಿಡಿ. ಯಾವುದನ್ನು ಜಾಸ್ತಿ ತಿನ್ನಬೇಕು ಅಂತ ಹೇಳುವವರು ತೀರಾ ಕಡಿಮೆ. ಈ ಹೊತ್ತಿನಲ್ಲಿ ಮೊದಲು ಗೊತ್ತಾಗಬೇಕಾದದ್ದು ಅದೇ.

ಋತುಬಂಧ ಸಾಮಾನ್ಯವಾಗಿ 45ರಿಂದ 55 ವರ್ಷದ ನಡುವೆ ಆಗುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತು ಅಂತ ಲೆಕ್ಕ. ಅದಕ್ಕೆ ಕೆಲವು ವರ್ಷ ಮುಂಚೆಯೇ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಏರಿಳಿಯಲು ಶುರುವಾಗಿ, ಕೊನೆಗೆ ತಗ್ಗಿ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ಬೆವರುವುದು, ನಿದ್ದೆಗೆಡುವುದು ನಮಗೆ ಗೊತ್ತಾಗಿಯೇ ಆಗುತ್ತದೆ. ಸದ್ದಿಲ್ಲದೆ ನಡೆಯುವ ಬದಲಾವಣೆಗಳೂ ಇವೆ. ಮೂಳೆ ಮೊದಲಿಗಿಂತ ಬೇಗ ಸವೆಯುತ್ತದೆ. ಸ್ನಾಯು ಕರಗುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಕೊಬ್ಬು ಹೊಟ್ಟೆಯ ಸುತ್ತ ಸೇರಿಕೊಳ್ಳುತ್ತದೆ.

ಒಂದು ಊಟದಿಂದ ಇದೆಲ್ಲ ನಿಲ್ಲುವುದಿಲ್ಲ, ನಿಜ. ಆದರೆ ಪ್ರೋಟೀನ್, ಕ್ಯಾಲ್ಸಿಯಂ, ನಾರು ಮೂರೂ ಒಟ್ಟಿಗೆ ಸಿಗುವ ಒಂದು ಊಟವನ್ನು ವಾರದಲ್ಲಿ ಮೂರ್ನಾಲ್ಕು ಸಲ ಮಾಡಿಕೊಳ್ಳುವುದು ಕಷ್ಟವೇನಲ್ಲ. ಕೈಗೆ ಒಮ್ಮೆ ಅಭ್ಯಾಸವಾದರೆ ಯೋಚಿಸದೇ ಮಾಡಬಹುದು.

ಧಾನ್ಯ ಸ್ವಲ್ಪ, ಕಾಳು ಜಾಸ್ತಿ

ಗ್ರೇನ್ ಬೌಲ್ ಅಂತ ಸಿಗುವ ಎಷ್ಟೋ ಬಟ್ಟಲುಗಳಲ್ಲಿ ಮುಕ್ಕಾಲು ಪಾಲು ಧಾನ್ಯವೇ ಇರುತ್ತದೆ. ಮೇಲೆ ಒಂದಿಷ್ಟು ಬಣ್ಣಬಣ್ಣದ ತರಕಾರಿ, ಹತ್ತೆಂಟು ಕಡಲೆ ಕಾಳು, ಒಂದು ಚಿಟಿಕೆ ಬೀಜ. ನೋಡಲು ಚಂದ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಕಪ್ ಬೇಯಿಸಿದ ಕ್ವಿನೋವಾದಲ್ಲಿ ಪ್ರೋಟೀನ್ ಇರುವುದು ಸುಮಾರು 8 ಗ್ರಾಂ. ತರಕಾರಿಯದ್ದು ಸೇರಿಸಿದರೂ 10-12 ಗ್ರಾಂ ದಾಟುವುದು ಕಷ್ಟ.

ಬೇಕಾಗುವುದು ಎಷ್ಟು? ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಕನಿಷ್ಠ ಲೆಕ್ಕ, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ. ವಯಸ್ಸಾಗುತ್ತಾ ಸ್ನಾಯು ಉಳಿಸಿಕೊಳ್ಳಲು ಇದು ಸಾಲದು, 1ರಿಂದ 1.2 ಗ್ರಾಂ ಇದ್ದರೆ ಒಳ್ಳೆಯದು ಅಂತ ಹಲವು ಪೌಷ್ಟಿಕತಜ್ಞರು ಹೇಳುತ್ತಾರೆ. 60 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 72 ಗ್ರಾಂ ಆಯಿತು. ಇದನ್ನು ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 20-25 ಗ್ರಾಂ. ಬೆಳಗಿನ ತಿಂಡಿಯಲ್ಲಿ ಪ್ರೋಟೀನ್ ಕಡಿಮೆಯಿದ್ದರೆ ಮಧ್ಯಾಹ್ನದ ಊಟ ಆ ಕೊರತೆಯನ್ನೂ ತುಂಬಬೇಕು. ಅದಕ್ಕೇ ಈ ಬಟ್ಟಲನ್ನು 30 ಗ್ರಾಂ ದಾಟುವ ಹಾಗೆ ಅಳತೆ ಮಾಡಿದ್ದೇನೆ.

ಹೀಗಾಗಿ ಅಳತೆಯನ್ನು ಕಾಳು ಮತ್ತು ತೋಫುವಿನಿಂದ (ಸೋಯಾ ಹಾಲಿನ ಪನೀರಿನಂಥದ್ದು) ಶುರು ಮಾಡಿ. ಧಾನ್ಯದ ಸರದಿ ಆಮೇಲೆ. ಈ ಅಡುಗೆಯಲ್ಲಿ ಬೇರೆ ಏನನ್ನು ಬದಲಾಯಿಸಿದರೂ ಪರವಾಗಿಲ್ಲ, ಈ ಕ್ರಮ ಮಾತ್ರ ಬದಲಾಗಬಾರದು.

ಇಬ್ಬರಿಗೆ ಬೇಕಾಗುವ ಸಾಮಾನು

- ಕಾಬೂಲ್ ಕಡಲೆ, ಒಣಗಿದ್ದು: 60 ಗ್ರಾಂ
- ಗಟ್ಟಿ ತೋಫು: 200 ಗ್ರಾಂ
- ಕ್ವಿನೋವಾ: 100 ಗ್ರಾಂ, ಅಂದರೆ ಅರ್ಧ ಕಪ್‌ಗಿಂತ ತುಸು ಜಾಸ್ತಿ
- ಬ್ರೊಕೊಲಿ: 200 ಗ್ರಾಂ
- ಕ್ಯಾರೆಟ್ ಒಂದು, ಕೆಂಪು ಅಥವಾ ಹಳದಿ ದಪ್ಪಮೆಣಸಿನಕಾಯಿ ಒಂದು
- ಸಿಪ್ಪೆ ಇರುವ ಎಳ್ಳು: 3 ದೊಡ್ಡ ಚಮಚ
- ಸಿಹಿಗುಂಬಳದ ಬೀಜ: 2 ದೊಡ್ಡ ಚಮಚ
- ಅಗಸೆ ಬೀಜದ ಪುಡಿ: 2 ದೊಡ್ಡ ಚಮಚ
- ನಿಂಬೆಹಣ್ಣು ಒಂದು, ಬೆಳ್ಳುಳ್ಳಿ ಒಂದು ಎಸಳು, ಸ್ವಲ್ಪ ಹಸಿ ಶುಂಠಿ
- ಎಣ್ಣೆ: 4 ಸಣ್ಣ ಚಮಚ, ಉಪ್ಪು, ಕಾಳುಮೆಣಸಿನ ಪುಡಿ

ಒಬ್ಬರ ಪಾಲಿಗೆ ಬರುವ ಪ್ರೋಟೀನ್ ಲೆಕ್ಕ ಹೀಗಿದೆ. ತೋಫುವಿನಿಂದ ಸುಮಾರು 13 ಗ್ರಾಂ, ಕ್ವಿನೋವಾದಿಂದ 7, ಕಡಲೆಯಿಂದ 6, ಕುಂಬಳ ಬೀಜದಿಂದ 3, ಎಳ್ಳು ಮತ್ತು ಅಗಸೆ ಸೇರಿ 3 ಚಿಲ್ಲರೆ, ಬ್ರೊಕೊಲಿಯಿಂದ ಎರಡೂವರೆ. ತೋಫುವಿನ ಗಟ್ಟಿತನದ ಮೇಲೆ ಒಂದೆರಡು ಗ್ರಾಂ ಅತ್ತಿತ್ತ ಆಗಬಹುದು. ಒಟ್ಟಿನಲ್ಲಿ 30 ದಾಟುತ್ತದೆ.

ಇದು ಪೂರ್ತಿ ಒಂದು ಊಟ, 700-750 ಕ್ಯಾಲೊರಿ ಆಗುತ್ತದೆ. ಅಷ್ಟು ಬೇಡ ಅನ್ನುವವರು ಕ್ವಿನೋವಾವನ್ನು ಅರ್ಧ ಮಾಡಿ, ಎಣ್ಣೆ ತಗ್ಗಿಸಿ. ತೋಫು, ಕಡಲೆಯನ್ನು ಮಾತ್ರ ಮುಟ್ಟಬೇಡಿ. ತೂಕದ ಭಯಕ್ಕೆ ಎಲ್ಲವನ್ನೂ ಸಮವಾಗಿ ಕಡಿಮೆ ಮಾಡಿದರೆ ಮೊದಲು ಹೋಗುವುದು ಸ್ನಾಯುವಿಗೆ ಬೇಕಾದ ಪ್ರೋಟೀನ್.

ಹಿಂದಿನ ರಾತ್ರಿ: ಕಡಲೆ

ಕಡಲೆಯನ್ನು ತೊಳೆದು, ಮುಳುಗಿ ಮೂರು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ ನೆನೆಯಲು ಬಿಡಿ. 8ರಿಂದ 12 ಗಂಟೆ ನೆನೆಯಬೇಕು. ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಹೊಟ್ಟೆ ಉಬ್ಬರ ತರುವ ಸಕ್ಕರೆಗಳಲ್ಲಿ ಒಂದು ಪಾಲು ನೆನೆಸಿದ ನೀರಿನ ಜೊತೆಗೇ ಹೋಗುತ್ತದೆ. ಕುಕ್ಕರಿನಲ್ಲಿ ಹಬೆ ಕಟ್ಟಿದ ಮೇಲೆ ಉರಿ ಸಣ್ಣ ಮಾಡಿ 15-20 ನಿಮಿಷ ಸಾಕು. ತೆರೆದ ಪಾತ್ರೆಯಲ್ಲಾದರೆ ಒಂದು ಗಂಟೆಗೂ ಮೇಲೆ ಬೇಕು. ಬೆಂದಿದೆಯೋ ಅಂತ ನೋಡಲು ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ನಡುವೆ ಗಟ್ಟಿ ತಿರುಳು ಸಿಗದೆ ಪೂರ್ತಿ ಹಿಸುಕಿಹೋಗಬೇಕು. ಅರೆಬೆಂದ ಕಡಲೆ ಹೊಟ್ಟೆಗೆ ಭಾರ.

ಕಾಳು ತಿಂದು ಅಷ್ಟಾಗಿ ಅಭ್ಯಾಸವಿಲ್ಲದವರು ಮೊದಲ ವಾರ ಎರಡು ಚಮಚ ಕಾಳಿನಿಂದ ಶುರು ಮಾಡಿ, ನಿಧಾನವಾಗಿ ಏರಿಸಿ. ಕರುಳಿಗೂ ನಾರು ರೂಢಿಯಾಗಲು ಸಮಯ ಬೇಕು. ಈ ವಯಸ್ಸಿನಲ್ಲಿ ಹೊಟ್ಟೆ ಉಬ್ಬರ ಮೊದಲೇ ಹಲವರನ್ನು ಕಾಡುತ್ತಿರುತ್ತದೆ, ಒಂದೇ ಸಲಕ್ಕೆ ನಾರು ಜಾಸ್ತಿ ಮಾಡಿ ಇನ್ನೂ ಹಿಂಸೆ ಮಾಡಿಕೊಳ್ಳಬೇಡಿ. ನೀರನ್ನೂ ಜಾಸ್ತಿ ಕುಡಿಯಿರಿ.

ಕ್ವಿನೋವಾ

ಕ್ವಿನೋವಾ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಬೆಳೆ. ವಿಶ್ವಸಂಸ್ಥೆ 2013ನ್ನು ಅಂತರರಾಷ್ಟ್ರೀಯ ಕ್ವಿನೋವಾ ವರ್ಷ ಅಂತ ಆಚರಿಸಿತ್ತು. ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತೂ ಇದರಲ್ಲಿವೆ. ಬಹಳ ಧಾನ್ಯಗಳಲ್ಲಿ ಅವುಗಳಲ್ಲೊಂದಾದ ಲೈಸೀನ್ ಕಡಿಮೆ, ಇದರಲ್ಲಿ ಆ ಕೊರತೆ ಅಷ್ಟಿಲ್ಲ. ಹಾಗಂತ ಕ್ವಿನೋವಾ ಸಿಗದಿದ್ದರೆ ಚಿಂತೆ ಬೇಡ. ಕಂದು ಅಕ್ಕಿ, ಬಾರ್ಲಿ, ನವಣೆ ಯಾವುದಾದರೂ ಆದೀತು. ಜೊತೆಗಿರುವ ಕಾಳು ಲೈಸೀನನ್ನು ತುಂಬಿಕೊಡುತ್ತದೆ. ಧಾನ್ಯ, ಕಾಳು ಒಂದೇ ಹೊತ್ತಿನಲ್ಲಿ ಹೊಟ್ಟೆಗೆ ಸೇರಬೇಕು ಅಂತೇನೂ ಇಲ್ಲ, ದಿನದಲ್ಲಿ ಎರಡೂ ಸೇರಿದರೆ ಸಾಕು.

ತೊಳೆಯುವುದರಲ್ಲಿ ಅವಸರ ಬೇಡ. ಕ್ವಿನೋವಾ ಕಾಳಿನ ಮೇಲ್ಪದರದಲ್ಲಿ ಸಪೋನಿನ್ ಅನ್ನುವ ಕಹಿ ಪದಾರ್ಥ ಇರುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿದು ಕೈಯಾಡಿಸಿದರೆ ಮೊದಲು ಸೋಪಿನ ಹಾಗೆ ನೊರೆ ಬರುತ್ತದೆ. ನೊರೆ ನಿಂತು ನೀರು ತಿಳಿಯಾಗುವವರೆಗೂ ತೊಳೆಯಿರಿ. ಆಮೇಲೆ ಒಂದು ಅಳತೆ ಕ್ವಿನೋವಾಗೆ ಎರಡು ಅಳತೆ ನೀರು, ಚಿಟಿಕೆ ಉಪ್ಪು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ 15 ನಿಮಿಷ ಬಿಡಿ. ಬೆಂದಾಗ ಪ್ರತಿ ಕಾಳೂ ಅರೆಪಾರದರ್ಶಕವಾಗಿ, ಅದರ ಅಂಚಿನಿಂದ ಬಿಳಿ ದಾರದಂತಹ ಸಣ್ಣ ಸುರುಳಿ ಬಿಡಿಸಿಕೊಂಡಿರುತ್ತದೆ. ಅದೇ ಗುರುತು. ಒಲೆ ಆರಿಸಿ, ಮುಚ್ಚಳ ತೆಗೆಯದೆ ಐದು ನಿಮಿಷ ಹಾಗೇ ಇಟ್ಟು, ಆಮೇಲೆ ಫೋರ್ಕಿನಿಂದ ಉದುರು ಮಾಡಿ.

ತೋಫು

ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಸೋಯಾ ಹಾಲನ್ನು ಗಟ್ಟಿಯಾಗಿಸಲು ಏನು ಬಳಸಿದ್ದಾರೆ ಅನ್ನುವುದು ಸಾಮಗ್ರಿ ಪಟ್ಟಿಯಲ್ಲಿರುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ಅಂತ ಇದ್ದರೆ ಆ ತೋಫುವಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತದೆ, 100 ಗ್ರಾಂಗೆ 200 ಮಿಲಿಗ್ರಾಂಗೂ ಮೇಲೆ ಸಿಗುವುದು ಸಾಮಾನ್ಯ. ಬರೀ ಮೆಗ್ನೀಸಿಯಂ ಕ್ಲೋರೈಡ್ ಬಳಸಿದ್ದರೆ ಅಷ್ಟು ಸಿಗುವುದಿಲ್ಲ. ಪ್ರೋಟೀನ್ ಎರಡರಲ್ಲೂ ಇದೆ. ಮೂಳೆಯ ಯೋಚನೆ ಇರುವವರು ಮೊದಲನೆಯದನ್ನೇ ಹುಡುಕಿ. 50 ದಾಟಿದ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಹಲವು ಕಡೆಯ ಶಿಫಾರಸು ಇದೆ. ಹಾಲು ಮೊಸರು ತಿನ್ನದವರಿಗೆ ಇದು ಚಿಕ್ಕ ಮೊತ್ತವಲ್ಲ.

ತೋಫುವನ್ನು ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರದ ಪಾತ್ರೆ ಇಟ್ಟು 15-20 ನಿಮಿಷ ಬಿಡಿ. ನೀರು ಇಳಿದುಹೋಗುತ್ತದೆ. ಹೆಬ್ಬೆರಳ ಅಗಲದ ತುಂಡು ಮಾಡಿ, ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ. ಇನ್ನು ಕೈ ಕಟ್ಟಿಕೊಂಡು ನಿಲ್ಲಬೇಕು, ಅಷ್ಟೇ. ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಅಲುಗಾಡಿಸಬೇಡಿ. ಕೆಳಭಾಗ ಹೊಂಬಣ್ಣಕ್ಕೆ ಬಂದಾಗ ತುಂಡು ತಾನಾಗಿಯೇ ಬಾಣಲೆ ಬಿಡುತ್ತದೆ. ಬಿಡುತ್ತಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅರ್ಥ, ಎಬ್ಬಲು ಹೋದರೆ ಮುರಿಯುತ್ತದೆ. ಮಗುಚಿ ಇನ್ನೊಂದು ಕಡೆ ಕೆಂಪಗಾದ ಮೇಲೆ ತುರಿದ ಶುಂಠಿ, ಕಾಳುಮೆಣಸಿನ ಪುಡಿ, ಸ್ವಲ್ಪ ಉಪ್ಪು ಹಾಕಿ ಇಳಿಸಿ.

ಉಪ್ಪು ಹಿಡಿತದಲ್ಲಿರಲಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಕೂಡ ಜಾಸ್ತಿಯಾಗುತ್ತದೆ. ರುಚಿಗೆ ನಿಂಬೆ, ಶುಂಠಿ, ಬೆಳ್ಳುಳ್ಳಿ ಇದ್ದೇ ಇವೆ.

ತರಕಾರಿ

ಹಸಿರು ಅಂದ ಕೂಡಲೇ ಪಾಲಕ್ ಕಡೆ ಕೈ ಹೋಗುತ್ತದೆ, ಅಲ್ವಾ? ಪಾಲಕ್ ತಿನ್ನಿ, ಆದರೆ ಕ್ಯಾಲ್ಸಿಯಂಗಾಗಿ ಅದನ್ನು ನಂಬಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ನೂರರಲ್ಲಿ ಐದು ಪಾಲಿನಷ್ಟು ಮಾತ್ರ. ಬ್ರೊಕೊಲಿ, ಎಲೆಕೋಸಿನ ಜಾತಿಯ ಸೊಪ್ಪುಗಳಲ್ಲಿ ಆಕ್ಸಲೇಟ್ ಕಡಿಮೆ. ಅವುಗಳಲ್ಲಿರುವ ಕ್ಯಾಲ್ಸಿಯಂ ಚೆನ್ನಾಗಿ ಹೀರಲ್ಪಡುತ್ತದೆ. ಬ್ರೊಕೊಲಿಯನ್ನು ಹೂ ಬಿಡಿಸಿ, ದಂಟಿನ ಗಟ್ಟಿ ಸಿಪ್ಪೆ ಹೆರೆದು ಒಳಗಿನ ಎಳೆ ಭಾಗವನ್ನೂ ಹೆಚ್ಚಿ ಸೇರಿಸಿ. ಹಬೆಯಲ್ಲಿ ನಾಲ್ಕು ನಿಮಿಷ ಸಾಕು. ಹಸಿರು ಬಣ್ಣ ಹೊಳೆಯುವಾಗಲೇ ಇಳಿಸಿ. ಕ್ಯಾರೆಟ್ ತುರಿಯಿರಿ, ದಪ್ಪಮೆಣಸಿನಕಾಯಿಯನ್ನು ಹಸಿಯಾಗಿಯೇ ಉದ್ದಕ್ಕೆ ಹೆಚ್ಚಿ. ಅದರಲ್ಲಿರುವ ವಿಟಮಿನ್ ಸಿ, ನಿಂಬೆರಸದ್ದೂ ಸೇರಿ, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ.

ಋತುಬಂಧಕ್ಕೆ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ರಕ್ತಸ್ರಾವ ವಿಪರೀತ ಇರುತ್ತದೆ, ಅವರಿಗೆ ಕಬ್ಬಿಣ ಜಾಸ್ತಿ ಬೇಕು. ಮುಟ್ಟು ಪೂರ್ತಿ ನಿಂತ ಮೇಲೆ ಅದರ ಅಗತ್ಯ ಇಳಿಯುತ್ತದೆ. ಆದ್ದರಿಂದ ಹಳೆಯ ಕಬ್ಬಿಣದ ಮಾತ್ರೆಯನ್ನು ಸುಮ್ನೆ ಮುಂದುವರಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ.

ಎಳ್ಳಿನ ಸಾಸ್

ಇಡೀ ಬಟ್ಟಲಿನ ರುಚಿ ನಿಂತಿರುವುದು ಇದರ ಮೇಲೆ. ಎಳ್ಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಕಾಳುಗಳು ಚಟಪಟ ಅನ್ನಲು ಶುರುವಾಗಿ, ಘಮ ಬಂದ ಕೂಡಲೇ ತಟ್ಟೆಗೆ ಸುರಿಯಿರಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಕಹಿಯಾಗುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ಮೊದಲು ಒಣಗಿಯೇ ಪುಡಿ ಮಾಡಿ. ಆಮೇಲೆ ಬೆಳ್ಳುಳ್ಳಿ, ಎರಡು ಚಮಚ ಎಣ್ಣೆ, ಅರ್ಧ ನಿಂಬೆಹಣ್ಣಿನ ರಸ ಹಾಕಿ ತಿರುಗಿಸಿ. ನಿಂಬೆರಸ ಬಿದ್ದ ತಕ್ಷಣ ಮಿಶ್ರಣ ಗಟ್ಟಿಯಾಗಿ ಮುದ್ದೆಗಟ್ಟುತ್ತದೆ. ಹಾಳಾಯಿತು ಅಂತ ಗಾಬರಿ ಬೇಡ. ಒಂದೊಂದೇ ಚಮಚ ನೀರು ಹಾಕುತ್ತಾ ತಿರುಗಿಸಿ. ನಾಲ್ಕೈದು ಚಮಚ ಆಗುವಷ್ಟರಲ್ಲಿ ಬಣ್ಣ ತಿಳಿಯಾಗಿ, ಚಮಚದಿಂದ ನಿಧಾನವಾಗಿ ಇಳಿಯುವ ಹದಕ್ಕೆ ಬರುತ್ತದೆ.

ಸಿಪ್ಪೆ ಇರುವ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳ ಜಾಸ್ತಿ, ಒಂದು ದೊಡ್ಡ ಚಮಚದಲ್ಲಿ ಸುಮಾರು 88 ಮಿಲಿಗ್ರಾಂ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದರ ಬಹುಪಾಲು ಹೋಗಿಬಿಡುತ್ತದೆ. ಸಿಪ್ಪೆಯಲ್ಲಿ ಆಕ್ಸಲೇಟ್ ಕೂಡ ಇರುವುದರಿಂದ ಅಷ್ಟೂ ಮೈಗೆ ಸೇರುವುದಿಲ್ಲ. ಅದಕ್ಕೇ ಕ್ಯಾಲ್ಸಿಯಂನ ಮುಖ್ಯ ಭಾರವನ್ನು ತೋಫುವಿಗೆ ವಹಿಸಿದ್ದು.

ಬಟ್ಟಲಿಗೆ ಹಾಕುವುದು

ಅಗಲವಾದ ಬಟ್ಟಲು ತೆಗೆದುಕೊಳ್ಳಿ. ಕೆಳಗೆ ಕ್ವಿನೋವಾ, ಒಂದು ಕಡೆ ಕಡಲೆ, ಇನ್ನೊಂದು ಕಡೆ ತೋಫು, ಉಳಿದ ಜಾಗದಲ್ಲಿ ತರಕಾರಿ. ಮೇಲೆ ಸಾಸ್ ಸುರಿದು, ಕುಂಬಳ ಬೀಜ ಉದುರಿಸಿ. ಅಗಸೆ ಪುಡಿ ಕೊನೆಗೆ, ತಿನ್ನುವ ಹೊತ್ತಿಗೆ. ಸಾಸಿನಲ್ಲಿ ಮೊದಲೇ ಕಲಸಿಟ್ಟರೆ ಲೋಳೆಯಾಗುತ್ತದೆ. ಅಗಸೆಯನ್ನು ಪುಡಿ ಮಾಡಿಯೇ ತಿನ್ನಬೇಕು, ಇಡೀ ಬೀಜ ಬಹುತೇಕ ಹಾಗೇ ಹೊರಗೆ ಹೋಗುತ್ತದೆ. ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು 1.6 ಗ್ರಾಂ ಒಮೆಗಾ-3 ಇದೆ, ಜೊತೆಗೆ ಗಿಡಗಳಲ್ಲಿ ಸಿಗುವ ಲಿಗ್ನಾನ್‌ಗಳೂ ಇವೆ. ಪುಡಿ ಮಾಡಿದ್ದು ಬೇಗ ಕಮಟಾಗುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡಿ.

ಬಿಸಿಬಿಸಿಯಾಗಿ ತಿನ್ನಬೇಡಿ, ಉಗುರುಬೆಚ್ಚಗೆ ಆದಾಗ ತಿನ್ನಿ. ತುಂಬಾ ಬಿಸಿಯಾದ ಊಟ, ಖಾರ, ಮದ್ಯ, ಕೆಲವರಿಗೆ ಕಾಫಿ ಕೂಡ ಮೈ ಬಿಸಿಯೇರುವುದನ್ನು ಕೆರಳಿಸುತ್ತವೆ. ಎಲ್ಲರಿಗೂ ಹಾಗಾಗುವುದಿಲ್ಲ. ಖಾರ ತಿಂದ ದಿನ ನಿಮಗೆ ಜಾಸ್ತಿಯಾಗುತ್ತದೋ ಅಂತ ಕೆಲವು ವಾರ ಬರೆದಿಟ್ಟು ನೋಡಿ. ಆಗದಿದ್ದರೆ ಹಸಿಮೆಣಸಿನಕಾಯಿ ಧಾರಾಳವಾಗಿ ಹಾಕಿಕೊಳ್ಳಿ.

ಸೋಯಾ ತಿಂದರೆ ಬಿಸಿಯೇರುವುದು ನಿಲ್ಲುತ್ತದಾ?

ಈ ಪ್ರಶ್ನೆಗೆ ಉತ್ತರ ಹೌದು-ಇಲ್ಲ ಅನ್ನುವಷ್ಟು ಸರಳವಾಗಿಲ್ಲ. ಸೋಯಾದಲ್ಲಿ ಐಸೊಫ್ಲೇವೋನ್ ಅನ್ನುವ ಅಂಶಗಳಿವೆ, ಈಸ್ಟ್ರೊಜೆನ್ ಕೂರುವ ಜಾಗಕ್ಕೆ ಇವೂ ಹೋಗಿ ಕೂರುತ್ತವೆ, ಆದರೆ ಕೆಲಸ ಬಹಳ ಮೆಲ್ಲಗೆ. 2021ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಕೊಬ್ಬು ಕಡಿಮೆ ಇರುವ, ಹಾಲು ಮೊಸರೂ ಇಲ್ಲದ ಪೂರ್ತಿ ಸಸ್ಯಾಹಾರದ ಜೊತೆ ದಿನಕ್ಕೆ ಅರ್ಧ ಕಪ್ ಸೋಯಾ ಕಾಳು ತಿಂದವರಲ್ಲಿ ಜೋರಾಗಿ ಮೈ ಬಿಸಿಯೇರುವ ಹಾಟ್ ಫ್ಲ್ಯಾಶ್‌ಗಳು ಬಹಳ ಕಡಿಮೆಯಾದವು. ಆದರೆ ಅವರು ಇಡೀ ಊಟದ ಪದ್ಧತಿಯನ್ನೇ ಬದಲಾಯಿಸಿದ್ದರು, ಅದರಲ್ಲಿ ಸೋಯಾದ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲಾಗದು. ಅಮೆರಿಕದ ಮೆನೊಪಾಸ್ ಸೊಸೈಟಿ 2023ರಲ್ಲಿ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ನೋಡಿ, ಹಾಟ್ ಫ್ಲ್ಯಾಶ್‌ಗೆ ಚಿಕಿತ್ಸೆಯಾಗಿ ಸೋಯಾವನ್ನು ಶಿಫಾರಸು ಮಾಡಲಿಲ್ಲ.

ನನ್ನ ಮಾತು ಇಷ್ಟೇ. ತೋಫುವನ್ನು ಪ್ರೋಟೀನ್‌ಗಾಗಿ, ಕ್ಯಾಲ್ಸಿಯಂಗಾಗಿ ತಿನ್ನಿ. ಬಿಸಿಯೇರುವುದು ಕಡಿಮೆಯಾದರೆ ಸಂತೋಷ. ರಾತ್ರಿ ನಿದ್ದೆಯೇ ಹಾಳಾಗುವಷ್ಟು ತೊಂದರೆ ಇದ್ದರೆ ವೈದ್ಯರ ಹತ್ತಿರ ಹೋಗಿ, ಒಳ್ಳೆಯ ಚಿಕಿತ್ಸೆಗಳಿವೆ. ಊಟ ಸರಿಮಾಡಿಕೊಂಡರೆ ಸಾಕು ಅಂತ ಸಹಿಸಿಕೊಂಡು ಕೂರಬೇಡಿ. ಐಸೊಫ್ಲೇವೋನ್ ಮಾತ್ರೆಗಳನ್ನಂತೂ ವೈದ್ಯರನ್ನು ಕೇಳದೆ ಶುರು ಮಾಡಲೇಬೇಡಿ.

ಇನ್ನು ಕೆಲವು ಎಚ್ಚರಿಕೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸೋಯಾ, ಕ್ಯಾಲ್ಸಿಯಂ ಎರಡೂ ಮಾತ್ರೆ ಹೀರಿಕೆಗೆ ಅಡ್ಡ ಬರುತ್ತವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ಈ ಬಟ್ಟಲನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮುಂಚೆ ತಮ್ಮ ವೈದ್ಯರನ್ನು ಕೇಳಲೇಬೇಕು. ಹಾಲು ಮೊಸರೂ ತಿನ್ನದ ಪೂರ್ತಿ ಸಸ್ಯಾಹಾರಿಗಳು ಬಿ12 ಬೇರೆಯಾಗಿ ತೆಗೆದುಕೊಳ್ಳಬೇಕು, ಈ ಬಟ್ಟಲಿನಲ್ಲಿ ಅದು ಇಲ್ಲ. ವಿಟಮಿನ್ ಡಿ ಕೂಡ ಇಲ್ಲ. ಪ್ರೋಟೀನ್ ತಿಂದದ್ದು ಸ್ನಾಯುವಾಗಿ ಉಳಿಯಬೇಕಾದರೆ ವಾರಕ್ಕೆ ಎರಡು ಸಲವಾದರೂ ಭಾರ ಎತ್ತುವ ವ್ಯಾಯಾಮ ಬೇಕು.

ತೋಫು ಆಗದವರಿಗೆ, ದಣಿದ ದಿನಗಳಿಗೆ

ಸೋಯಾ ಅಲರ್ಜಿ ಇದ್ದರೆ ತೋಫು ಬದಲು ಒಬ್ಬರಿಗೆ ಬೇಯಿಸಿದ ಇಡೀ ಮಸೂರ ಕಾಳು 150 ಗ್ರಾಂ ಹಾಕಿಕೊಳ್ಳಿ, ಪ್ರೋಟೀನ್ ಹತ್ತಿರಹತ್ತಿರ ಅಷ್ಟೇ ಬರುತ್ತದೆ. ಕ್ಯಾಲ್ಸಿಯಂ ಮಾತ್ರ ಬೇರೆ ಕಡೆಯಿಂದ ಬರಬೇಕು. ತೋಫು ರುಚಿ ಹಿಡಿಸದವರಿಗೆ ತಲಾ ಒಣ ಸೋಯಾ ಚಂಕ್ಸ್ 25 ಗ್ರಾಂ ನೆನೆಸಿ, ಹಿಂಡಿ, ಹುರಿದರೆ ಸಾಕು. ಅದರ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ.

ನಿದ್ದೆಯಿಲ್ಲದ ರಾತ್ರಿಯ ಮರುದಿನ ಇಷ್ಟೆಲ್ಲ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಬಿಡುವಿದ್ದ ದಿನವೇ ಕಡಲೆಯನ್ನು ನಾಲ್ಕು ಪಟ್ಟು ಬೇಯಿಸಿ, ಒಂದು ಹೊತ್ತಿನಷ್ಟು ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಕ್ವಿನೋವಾ ಬೆಂದ ಮೇಲೆ ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರ್ನಾಲ್ಕು ದಿನ ಇರುತ್ತದೆ. ಹೊರಗೆ ಹೊತ್ತು ಕಳೆದಷ್ಟೂ ಬೆಂದ ಧಾನ್ಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅನ್ನಕ್ಕೂ ಇದೇ ಮಾತು. ಹೀಗೆ ಇಟ್ಟುಕೊಂಡರೆ ದಣಿದ ದಿನ ಉಳಿಯುವುದು ತೋಫು ಹುರಿಯುವುದು, ಬ್ರೊಕೊಲಿ ಬೇಯಿಸುವುದು ಮಾತ್ರ, ಹದಿನೈದು ನಿಮಿಷದ ಕೆಲಸ. ಎಳ್ಳಿನ ಸಾಸ್ ಫ್ರಿಜ್ಜಿನಲ್ಲಿ ಗಟ್ಟಿಯಾಗಿರುತ್ತದೆ, ಒಂದು ಚಮಚ ಬಿಸಿನೀರು ಹಾಕಿ ಕಲಸಿದರೆ ಮತ್ತೆ ಹದಕ್ಕೆ ಬರುತ್ತದೆ.